ರಸಮಟ್ಟದ ಗುಳ್ಳೆ

ಉಗಿಹಡಗನ್ನು ಕರಾವಳಿಯ ಜನ ಆಗಬೋಟಿ ಎಂದು ಕರೆಯುತ್ತಿದ್ದ ಕಾಲ. ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ದೇವಣ್ಣಾಚಾರಿ ಹಡಗು ಕಟ್ಟುವುದನ್ನು ಕಲಿಸುತ್ತಿದ್ದರು.

ಅವರ ಶಿಷ್ಯ ಜಟ್ಟಪ್ಪ ಮೂರು ವರ್ಷ ಹೆಣಗಿ ಹೊಸ ಬಗೆಯ ಆಗಬೋಟಿಯೊಂದನ್ನು ಕಟ್ಟಿದ. ಅದರೊಳಗೆ ಪ್ರಯಾಣಿಕರ ಕೋಣೆ ಕಬ್ಬಿಣದ ಅಚ್ಚಿನ ಮೇಲೆ ತೂಗುತ್ತಿತ್ತು. ಹಡಗು ವಾಲಿದಾಗೆಲ್ಲ ಒಬ್ಬನು, ಮಟ್ಟ ತೋರಿಸುವ ರಸಮಟ್ಟದ ಗಾಜಿನೊಳಗಿನ ಗುಳ್ಳೆ ನೋಡುತ್ತ, ಚಕ್ರ ತಿರುಗಿಸಿ, ಕೋಣೆಯನ್ನು ಮಟ್ಟಕ್ಕೆ ತರಬೇಕು.

"ಇನ್ನು ಯಾರಿಗೂ ವಾಂತಿಯಾಗುವುದಿಲ್ಲ ಗುರುಗಳೇ. ನಾಳೆ ಅವ್ವನನ್ನೇ ಮೊದಲು ಹತ್ತಿಸುತ್ತೇನೆ."

ಅವನ ಅವ್ವ ಹಿಂದೊಮ್ಮೆ ಮುಂಬಯಿಗೆ ಹೋಗುವಾಗ ಎರಡು ದಿನ ವಾಂತಿ ಮಾಡಿ ಹೈರಾಣಾಗಿದ್ದಳು. ಆಮೇಲೆ ಒಂಬತ್ತು ವರ್ಷ ಅಲ್ಲಿರುವ ಮಗಳ ಮುಖ ನೋಡಿರಲಿಲ್ಲ. ಈಗ ಮಗನ ಮಾತು ನಂಬಿ ಗಂಟು ಕಟ್ಟಿಟ್ಟಿದ್ದಳು.

"ಮೊದಲು ನಾನು ಕೂರ್ತೇನೆ" ಎಂದರು ಗುರುಗಳು.

ಹಡಗು ಹೊಳೆಯಲ್ಲಿ ಸಾಗುವಾಗ ಕೋಣೆ ಅಲುಗಲಿಲ್ಲ. ಗುರುಗಳ ಕೈಯಲ್ಲಿದ್ದ ಬಟ್ಟಲಿನ ಗಂಜಿ ತುಳುಕಲಿಲ್ಲ. ಅವರು ನಿಧಾನವಾಗಿ ಅದನ್ನು ಕುಡಿದು ಮುಗಿಸಿದರು. ಜಟ್ಟಪ್ಪ ಹಿಗ್ಗಿದ.

ಅಳಿವೆ ದಾಟಿದ ಮೇಲೆ ಅಲೆ ದೊಡ್ಡದಾಯಿತು. ಜಟ್ಟಪ್ಪ ಗುಳ್ಳೆಯಿಂದ ಕಣ್ಣು ಕೀಳದೆ ಚಕ್ರ ತಿರುಗಿಸಿದ. ಗುರುಗಳು ಎರಡು ಸಲ ಕೈ ಎತ್ತಿದರು. ಅವನು ನೋಡಲಿಲ್ಲ.

ದಂಡೆಗೆ ಮರಳಿದಾಗ ಕುಡಿದಿದ್ದ ಗಂಜಿಯೆಲ್ಲ ಗುರುಗಳ ಪಂಚೆಯ ಮೇಲಿತ್ತು.

"ಇದು ಹೇಗಾಯಿತು? ಗುಳ್ಳೆ ನಡುವಿನಿಂದ ಜರುಗಲೇ ಇಲ್ಲವಲ್ಲ!"

"ಗುಳ್ಳೆಗೆ ಹೊಟ್ಟೆ ಇಲ್ಲವಲ್ಲ ಮಾರಾಯ."

"ಕೋಣೆ ವಾಲಲಿಲ್ಲ ಗುರುಗಳೇ."

"ವಾಲಲಿಲ್ಲ. ಏರಿತು, ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು."

ಏರಿಳಿತ ರಸಮಟ್ಟದಲ್ಲಿ ಕಾಣುವುದಿಲ್ಲ ಎಂಬುದು ಜಟ್ಟಪ್ಪನಿಗೆ ಹೊಳೆದೇ ಇರಲಿಲ್ಲ. ಆದರೂ ಮೂರು ವರ್ಷದ ದುಡಿಮೆಯನ್ನು ಒಂದು ಬಟ್ಟಲು ಗಂಜಿಗಾಗಿ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಅವನಿಗೆ ಸಿಟ್ಟೂ ಬಂದಿತ್ತು.

"ನಿಮಗೆ ವಯಸ್ಸಾಯಿತು" ಎಂದ. "ಗಂಜಿಯೂ ಸ್ವಲ್ಪ ಹೆಚ್ಚಾಯಿತೇನೋ. ರಸಮಟ್ಟ ಸುಳ್ಳು ಹೇಳುವುದಿಲ್ಲ."

ಗುರುಗಳು ನಕ್ಕರು. ಹೊಳೆಗಿಳಿದು ಬಾಯಿ ಮುಕ್ಕಳಿಸಿದರು, ಪಂಚೆ ಹಿಂಡಿದರು.

ಅವರ ನಗು ನೋಡಿ ಜಟ್ಟಪ್ಪನ ದನಿ ಇಳಿಯಿತು. "ಹಾಗಾದರೆ ಹೇಳಿ ಗುರುಗಳೇ. ನಾಳೆ ಅವ್ವನನ್ನು ಹತ್ತಿಸಲೋ, ಬೇಡವೋ?"

"ಹತ್ತಿಸು. ರಸಮಟ್ಟ ನೋಡಿ ಚಕ್ರ ತಿರುಗಿಸುವ ಕೆಲಸ ನನಗಿರಲಿ. ನೀನು ಎದುರಿಗೆ ಕೂತು ಅವ್ವನ ಮುಖ ನೋಡ್ತಾ ಇರು."