ನೀಲಾಂಬಿಕೆ ಆರಿಸಿಕೊಂಡ ಪರೀಕ್ಷಕರು

ಪ್ರೊಫೆಸರ್ ಇಸ್ಮಾಯಿಲ್ ಸವಣೂರ ಅವರು ಧಾರವಾಡದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಶಿಷ್ಯರನ್ನು ಎದುರಿಗೆ ಬೈಯುವುದು, ಬೆನ್ನ ಹಿಂದೆ ಹೊಗಳುವುದು ಅವರ ಪದ್ಧತಿ. ಶಿಷ್ಯರಲ್ಲೆಲ್ಲ ನೀಲಾಂಬಿಕೆ ಎಂದರೆ ಅವರಿಗೆ ತುಸು ಹೆಚ್ಚೇ ಅಭಿಮಾನ. ಆದ್ದರಿಂದ ಅವಳಿಗೆ ಬೈಗುಳವೂ ತುಸು ಹೆಚ್ಚೇ ಸಿಗುತ್ತಿತ್ತು.

ನೀಲಾಂಬಿಕೆ ಈಗ ಅದೇ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಮುಂದಿನ ಬೇಸಿಗೆಯೊಳಗೆ ಹೆಸರುವಾಸಿ ಪತ್ರಿಕೆಯೊಂದು ಅವಳ ಸಂಶೋಧನಾ ಪ್ರಬಂಧವನ್ನು ಸ್ವೀಕರಿಸಿದರೆ ನೌಕರಿ ಖಾಯಂ, ಇಲ್ಲದಿದ್ದರೆ ಮನೆಯ ದಾರಿ. ಆಡಳಿತ ಮಂಡಳಿ ಹಾಗೆಂದು ಖಡಾಖಂಡಿತವಾಗಿ ಹೇಳಿತ್ತು.

ಅವಳು ಬರೆದದ್ದು ಮೆಣಸಿನಕಾಯಿ ಮಾರುಕಟ್ಟೆಯ ಬಗ್ಗೆ. ಹಿಂದೆ ಅಲ್ಲಿ ಕೂಗಿ ಹರಾಜು ಮಾಡುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. ವ್ಯಾಪಾರಿಗಳು ರಾಶಿ ನೋಡಿ ತಮ್ಮ ದರವನ್ನು ಕಂಪ್ಯೂಟರಿಗೆ ಹಾಕಬೇಕು, ಹೆಚ್ಚು ಹಾಕಿದವನಿಗೆ ಮಾಲು. ಇದರಿಂದ ಸಣ್ಣವರು ದೊಡ್ಡವರೆನ್ನದೆ ಎಲ್ಲ ರೈತರಿಗೂ ಲಾಭವಾಯಿತು ಎಂದು ಪ್ರೊಫೆಸರ್ ಮುಕುಂದ ಹಲಸಗಿ ಎಂಬ ಘನ ಪಂಡಿತರು ದಪ್ಪ ಪುಸ್ತಕ ಬರೆದಿದ್ದರು. ನೀಲಾಂಬಿಕೆ ಲೆಕ್ಕ ಹಾಕಿ ನೋಡಿದರೆ ಕಂಡದ್ದೇ ಬೇರೆ. ದೊಡ್ಡ ರಾಶಿಗೆ ದರ ಹಾಕಲು ವ್ಯಾಪಾರಿಗಳು ಮುಗಿಬೀಳುತ್ತಾರೆ. ಒಂದೆರಡು ಚೀಲದ ಬಡ ರಾಶಿಗೆ ದರ ಹಾಕಲು ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಲಾಭವೆಲ್ಲ ದೊಡ್ಡವರ ಪಾಲಾಗಿತ್ತು.

ಪ್ರಬಂಧ ಕಳಿಸುವ ದಿನ ಗುರು ಶಿಷ್ಯೆ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ಇಂಥ ಪತ್ರಿಕೆಗಳು ಬಂದದ್ದನ್ನು ಬಂದಹಾಗೇ ಅಚ್ಚು ಹಾಕುವುದಿಲ್ಲ. ವಿಷಯ ಬಲ್ಲವರಿಗೆ ಕಳಿಸಿ ಪರೀಕ್ಷೆ ಮಾಡಿಸುತ್ತವೆ. ಬರೆದವರು ಯಾರೆಂದು ಪರೀಕ್ಷಕರಿಗೆ ತಿಳಿಸುವುದಿಲ್ಲ, ಪರೀಕ್ಷಿಸಿದವರು ಯಾರೆಂದು ಬರೆದವರಿಗೂ ತಿಳಿಸುವುದಿಲ್ಲ. ಆದರೆ ಯಾರಿಗೆ ಕಳಿಸಬಹುದು, ಒಂದು ಹೆಸರು ಸೂಚಿಸಿ ಎಂದು ಬರೆದವರನ್ನೇ ಕೇಳುತ್ತವೆ. ಜಾಣರು ಇಲ್ಲಿ ತಮಗೆ ಬೇಕಾದವರ ಹೆಸರು ತುಂಬಿ ನೆಮ್ಮದಿಯಾಗಿ ಮಲಗುತ್ತಾರೆ.

“ಮೈಸೂರಿನ ನನ್ನ ಗೆಳೆಯನ ಹೆಸರು ಹಾಕು. ಮೆತ್ತನ್ನ ಮನುಷ್ಯಾ, ಯಾರ ಪ್ರಬಂಧನೂ ಬೀಳ್ಸಂಗಿಲ್ಲ” ಎಂದರು ಸವಣೂರ ಸರ್.

“ಹಲಸಗಿಯವರ ಹೆಸರು ಹಾಕ್ತೀನ್ರಿ ಸರ್.”

ಸರ್ ಹೌಹಾರಿದರು. ಹಲಸಗಿಯವರ ಪರೀಕ್ಷೆಯೆಂದರೆ ಘಟಾನುಘಟಿಗಳೇ ಬೆವರುತ್ತಿದ್ದರು. ಒಮ್ಮೆ ತುಂಬಿದ ಸಭೆಯಲ್ಲಿ ಸವಣೂರ ಸರ್ ಅವರ ಪ್ರಬಂಧವನ್ನೇ ಅವರು ಚಿಂದಿ ಮಾಡಿ ಕೂರಿಸಿದ್ದರು.

“ನಿಂಗ ಹುಚ್ಚು ಹಿಡದೈತೇನು? ಅವರ ಪುಸ್ತಕ ತಪ್ಪು ಅಂತ ಬರದು ಅವರ ಕೈಗೇ ಕೊಡ್ತೀಯಾ? ನೌಕರಿ ಬ್ಯಾಡೇನು?”

“ಬೇಕ್ರಿ ಸರ್. ಆದ್ರ ಇದರಾಗ ತಪ್ಪಿದ್ರ ಅದು ಕಾಣೂದು ಅವರ ಕಣ್ಣಿಗೇ. ನಿಮ್ಮ ಗೆಳೆಯರು ಛಲೋ ಐತಿ ಅಂದ್ರ ನೌಕರಿ ಸಿಗತೈತಿ. ನಾ ಬರದದ್ದು ಖರೇ ಐತೋ ಇಲ್ಲೋ ಅಂತ ಮಾತ್ರ ಗೊತ್ತಾಗೂದಿಲ್ಲ.”

ಅವಳು ಆ ಹೆಸರನ್ನೇ ಹಾಕಿ ಕಳಿಸಿದಳು. ಸರ್ ಎಷ್ಟೋ ದಿನ ಅವಳೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ನಮಾಜು ಮುಗಿಸಿ ದುವಾ ಮಾಡುವಾಗ ಅವಳ ಹೆಸರು ಸೇರಿಸುವುದನ್ನು ಬಿಡಲಿಲ್ಲ.

ಪರೀಕ್ಷಕರ ಅಭಿಪ್ರಾಯ ಬಂತು. ಕೆಳಗೆ ಹೆಸರಿರಲಿಲ್ಲ, ತಿದ್ದಿ ಮತ್ತೆ ಕಳಿಸಬಹುದು ಎಂಬ ಪತ್ರಿಕೆಯ ಸೂಚನೆ ಮಾತ್ರ ಇತ್ತು. ಮೊದಲ ಸಾಲು ಓದುತ್ತಲೇ ಇದು ಹಲಸಗಿಯವರದೇ ಪೆಟ್ಟು ಎಂದು ಸರ್‌ಗೆ ಗೊತ್ತಾಯಿತು. ‘ಸಣ್ಣ ರೈತರಿಗೆ ಕಾಯಿ ಒಣಗಿಸಲು ಜಾಗವಿರುವುದಿಲ್ಲ. ಹಸಿಹಸಿಯಾಗಿ ತರುತ್ತಾರೆ. ಹಸಿ ಕಾಯಿಗೆ ದರ ಕಡಿಮೆ ಬಿದ್ದರೆ ಅದು ಕಂಪ್ಯೂಟರಿನ ತಪ್ಪೇ? ಬರೆದವರು ಇದನ್ನು ನೋಡಿಯೇ ಇಲ್ಲ.’

“ನಾ ಹೇಳಿರಲಿಲ್ಲೇನು?” ಎಂದು ಸರ್ ತಲೆ ಹಿಡಿದುಕೊಂಡರು.

ನೀಲಾಂಬಿಕೆಯ ಮುಖ ಸಪ್ಪಗಾಯಿತು. “ಅವರು ಹೇಳೂದು ಖರೇ ಐತ್ರಿ ಸರ್. ನಾ ನೋಡಿರಲಿಲ್ಲ” ಎಂದಳು.

ಆ ಸುಗ್ಗಿಯುದ್ದಕ್ಕೂ ಅವಳು ಮೆಣಸಿನಕಾಯಿ ಘಾಟಿನಲ್ಲಿ ಸೀನುತ್ತ ಮಾರುಕಟ್ಟೆಯಲ್ಲೇ ಓಡಾಡಿದಳು. ಅದೇ ದಿನ ಬಂದ, ಅಷ್ಟೇ ಒಣಗಿದ, ಅದೇ ಬಣ್ಣದ ಕಾಯಿಯ ದೊಡ್ಡ ರಾಶಿಯನ್ನೂ ಸಣ್ಣ ರಾಶಿಯನ್ನೂ ಜೋಡಿ ಮಾಡಿ ದರ ಹೋಲಿಸಿದಳು. ಮೊದಲು ಕಂಡಿದ್ದ ವ್ಯತ್ಯಾಸ ಅರ್ಧಕ್ಕೆ ಇಳಿಯಿತು. ಉಳಿದರ್ಧ ಏನು ಮಾಡಿದರೂ ಅಳಿಯಲಿಲ್ಲ.

“ಅರ್ಧ ಅಂತ ಯಾಕ ಬರೀತಿ? ಸಾಕಷ್ಟು ವ್ಯತ್ಯಾಸ ಐತಿ ಅಂತ ತೇಲಿಸಿ ಬರಿ” ಎಂದರು ಸರ್.

“ಅರ್ಧ ಐತ್ರಿ ಸರ್, ಅರ್ಧ ಅಂತನ ಬರೀತೀನಿ.”

ಇದ್ದದ್ದನ್ನು ಇದ್ದಹಾಗೆ ಬರೆಯಬೇಕೆಂದು ಕಲಿಸಿದ್ದು ತಾವು, ಮರೆತದ್ದೂ ತಾವೇ ಎಂದು ಸರ್‌ಗೆ ಮೊದಲ ಸಲ ನಾಚಿಕೆಯಾಯಿತು.

ತಿದ್ದಿದ ಪ್ರಬಂಧವನ್ನು ಅವಳು ಮತ್ತೆ ಕಳಿಸಿದಳು. ಬೇಸಿಗೆ ರಜೆ ಹತ್ತಿರವಾದಾಗ ಪತ್ರಿಕೆಯ ಉತ್ತರ ಬಂತು. ಪ್ರಬಂಧ ಸ್ವೀಕಾರವಾಗಿತ್ತು. ಜೊತೆಗೆ ಪರೀಕ್ಷಕರ ಮಾತೂ ಇತ್ತು. ಸರ್ ಅದನ್ನು ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದರು.

‘ಈ ಪ್ರಬಂಧ ನನ್ನ ಪುಸ್ತಕದ ಮುಖ್ಯ ಮಾತನ್ನೇ ಅಲ್ಲಗಳೆಯುತ್ತದೆ. ತಪ್ಪು ಹುಡುಕಲೆಂದೇ ಓದಿದೆ. ಒಂದು ಸಿಕ್ಕಿತು, ಬರೆದವರು ಅದನ್ನು ಸರಿಪಡಿಸಿದರು. ಮತ್ತೊಂದಕ್ಕೆ ಹುಡುಕಿದೆ, ಸಿಗಲಿಲ್ಲ. ಸೋತವನು ನಾನೆಂದು ಬರೆದವರಿಗೆ ಗೊತ್ತಾಗಲಿ, ನನ್ನ ಹೆಸರು ಮುಚ್ಚಿಡಬೇಡಿ. ಮುಕುಂದ ಹಲಸಗಿ.’

“ಹಲಸಗಿಯವರ ಕಡಿಂದ ಹೂಂ ಅನ್ನಿಸಿದ್ರಿ ಅಂದ್ರ ನಿಮ್ಮ ಮಾರ್ಗದರ್ಶನ ದೊಡ್ಡದು ಬಿಡ್ರಿ” ಎಂದರು ಪ್ರಿನ್ಸಿಪಾಲರು.

ಸವಣೂರ ಸರ್ ಕಣ್ಣೊರೆಸಿಕೊಂಡರು. ಶಿಷ್ಯೆ ಎದುರಿಗೇ ನಿಂತಿದ್ದಾಳೆಂಬುದನ್ನೂ ಮರೆತು ಹೇಳಿದರು: “ನನ್ನ ಮಾರ್ಗದರ್ಶನ ಕೇಳಿದ್ರ ಇಕಿ ಮೈಸೂರಿನ ಗೆಳೆಯನ ಕೈಯಾಗ ಪಾಸಾಗಿ ಬರ್ತಿದ್ಲು. ನಾ ಅಂಜಿದೆ, ಇಕಿ ಅಂಜಲಿಲ್ಲ. ಇಂಥಾಕಿಗೆ ಗುರು ಅನ್ನಿಸಿಕೊಂಡೆ ನೋಡ್ರಿ, ನನ್ನ ಜನ್ಮಕ್ಕ ಅಷ್ಟು ಸಾಕು.”

ನೀತಿ: ನಿಮ್ಮ ಕೆಲಸದ ಮೇಲೆ ನಿಮಗೆ ನಂಬಿಕೆಯಿದ್ದರೆ ಅದನ್ನು ತಪ್ಪು ಹಿಡಿಯಬಲ್ಲವರ ಕೈಗೇ ಕೊಡಿ. ತೋರಿಸಿದ ತಪ್ಪನ್ನು ತಿದ್ದಿಕೊಂಡ ಮೇಲೆ ಉಳಿಯುವ ಸತ್ಯ ಚಿಕ್ಕದಾದರೂ ಅದನ್ನು ತಲೆಯೆತ್ತಿ ನಮ್ಮದೆನ್ನಬಹುದು.