ಅಂಬಣ್ಣ ತೊಗರಿ ಕಾಯ್ದದ್ದು

ಹತ್ತಿರ ಸರಿದು ಕೂತ್ಕೊಳ್ಳಿ. ನಗುವುದನ್ನು ಸ್ವಲ್ಪ ಕೊನೆಗೆ ಅಂತ ಉಳಿಸಿಕೊಳ್ಳಿ.

ಶಾಣಮ್ಮ ಅಂತ ಒಬ್ಬ ತಾಯಿ. ಅವಳಿಗೊಬ್ಬನೇ ಮಗ, ಅಂಬಣ್ಣ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಅವನ ಸಲುವಾಗಿ ತಾಯಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಆದರೆ ಅವಳ ಹೊಟ್ಟೆ ಉರಿಯುತ್ತಿದ್ದದ್ದು ಮಗನನ್ನು ಕಂಡಲ್ಲ, ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿ ಜಗದೇವಿಯನ್ನು ಕಂಡು. ಇಬ್ಬರ ಹೊಲಗಳ ನಡುವೆ ಒಂದೇ ಬದು. ಈಚೆ ಇವಳ ತೊಗರಿ, ಆಚೆ ಅವಳ ತೊಗರಿ. ಅವಳದ್ದು ಎದೆಮಟ್ಟ, ಇವಳದ್ದು ಮೊಣಕಾಲುಮಟ್ಟ!

"ಅಕಿ ಹೊಲಕ್ಕ ದಿನಾ ಪೂರ್ತಿ ಬಿಸಲು, ನಮ್ಮ ಹೊಲಕ್ಕ ಬೇವಿನ ಗಿಡದ ನೆಳ್ಳು! ನೆಳ್ಳಾಗ ತೊಗರಿ ಬರ್ತದೇನು? ಈ ಸಲ ಅಕಿಗಿಂತ ಒಂದ್ ಚೀಲರ ಹೆಚ್ಚಿಗಿ ಬೆಳೀಲೇಬೇಕು!"

ಹೀಗಂದವಳೇ ಬೇವಿನ ಟೊಂಗೆಗಳನ್ನೆಲ್ಲ ಕಡಿಸಿದಳು. ಮಗನಿಗೆ ಹೇಳಿದಳು: "ಅಂಬಣ್ಣಾ, ಇನ್ನ ಮ್ಯಾಲ ನಮ್ಮ ಬೆಳಿ ಮ್ಯಾಲ ಯಾರ ನೆಳ್ಳೂ ಬೀಳಬಾರದು!"

"ಹೂಂನವ್ವಾ!"

ಮರುದಿನ ಕಳೆ ತೆಗೆಯಲು ಹೆಣ್ಣಾಳುಗಳು ಬಂದರು. ಅವರ ನೆರಳು ಬೆಳೆಯ ಮೇಲೆ ಬಿತ್ತು. ಅಂಬಣ್ಣ ಬಡಿಗೆ ಹಿಡಿದು ಎಲ್ಲರನ್ನೂ ಓಡಿಸಿದ. ಅವರು ಬದು ದಾಟಿ ಜಗದೇವಿಯ ಹೊಲದ ಕಳೆ ತೆಗೆದರು.

"ಅಯ್ಯ ಹುಚ್ಚಪ್ಯಾಲಿ! ಹೊಲಕ್ಕ ಬಂದವ್ರನ್ನ ಓಡಸ್ತಾರೇನೋ? ಕೂಡಿಸಿ, ಹೊಟ್ಟಿ ತುಂಬ ಉಣ್ಣಿಸಬೇಕು!"

"ಹೂಂನವ್ವಾ!"

ತೊಗರಿ ಹೂ ಬಿಟ್ಟಿತು. ಆಗಲೇ ಮೋಡ ಮುಚ್ಚಬೇಕೇ! ಒಂದು ದಿನ, ಎರಡು ದಿನ, ಮೂರು ದಿನ, ಬಿಸಿಲೇ ಇಲ್ಲ. ಅರ್ಧ ಹೂ ಉದುರಿತು, ಉಳಿದರ್ಧಕ್ಕೆ ಹಸಿರು ಹುಳ ಬಂತು. ಆಚೆ ಜಗದೇವಿ ಚಾದರ ಹಾಸಿ, ಗಿಡ ಜಾಡಿಸಿ ಹುಳ ಉದುರಿಸುತ್ತಿದ್ದಳು. ಈಚೆ ಅಂಬಣ್ಣ ಹುಳಗಳ ಮುಂದೆ ಕೈಮುಗಿದು ಕೂತಿದ್ದ.

"ಉಣ್ರಿ, ನಾಚಬ್ಯಾಡ್ರಿ! ಹೊಟ್ಟಿ ತುಂಬ ಉಣ್ರಿ!"

ಶಾಣಮ್ಮ ನೋಡಿ ಎದೆ ಎದೆ ಬಡಿದುಕೊಂಡಳು. "ಲೇ ಖೋಡಿ! ಅಕಿ ಹೆಂಗ ಮಾಡ್ಲಿಕತ್ತಾಳ ನೋಡು! ಚಾದರ ಹಾಸು, ಕೆಳಗ ಏನ್ ಬೀಳ್ತದೋ ಎಲ್ಲಾ ಬದು ಆಚಿ ಅಕಿ ಕಡಿಗಿ ಚೆಲ್ಲು! ನಮ್ಮ ಕಡಿ ಒಂದೂ ಉಳೀಬಾರದು! ಅಕಿನೂ ಸ್ವಲ್ಪ ಉರಕೊಳ್ಳಲಿ!"

ಹುಳ ಆಚೆ ಹೋಯಿತು. ಜಗದೇವಿಯ ಕೋಳಿಗಳು ಹೆಕ್ಕಿ ತಿಂದು ಕೊಬ್ಬಿದವು. ಶಾಣಮ್ಮನಿಗೆ ಆ ಕೋಳಿಗಳನ್ನು ಕಂಡರೂ ಹೊಟ್ಟೆಕಿಚ್ಚು.

ಕೊನೆಗೂ ಮೋಡ ಸರಿಯಿತು. ಬಿಸಿಲು ಬಿತ್ತು ನೋಡಿ! ಬೇವಿನ ನೆರಳೂ ಇಲ್ಲ. ಶಾಣಮ್ಮನ ತೊಗರಿ ಎರಡನೇ ಸಲ ಹೂ ಬಿಟ್ಟು, ಗಿಡದ ತುಂಬ ಕಾಯಿ ಜೋತುಬಿತ್ತು. ಆಚೆಗಿಂತ ಈಚೆಯೇ ಹೆಚ್ಚು! ಶಾಣಮ್ಮ ದಿನಕ್ಕೆ ನಾಲ್ಕು ಸಲ ಬದುವಿನ ಮೇಲೆ ನಿಂತು ಎರಡೂ ಕಡೆ ನೋಡಿ ಹಿಗ್ಗುತ್ತಿದ್ದಳು.

ತೊಗರಿ ಬಡಿದು ರಾಶಿ ಮಾಡುವ ದಿನ ಬಂತು. ಗಿಡ ಕಡಿದು ಒಣಗಿಸಿ ಬದುವಿನ ಪಕ್ಕ ಒಟ್ಟಿದ್ದರು. ಬದುವಿನ ಆಚೆ ಜಗದೇವಿಯೂ ತನ್ನ ತೊಗರಿ ಬಡಿಯುತ್ತಿದ್ದಳು. "ನಾ ಚೀಲ ತರ್ತೀನಿ. ಬರೂದ್ರಾಗ ಬಡಿಯೂದು ಮುಗಿಸು" ಅಂದು ಶಾಣಮ್ಮ ಮನೆಗೆ ಹೋದಳು.

ಬಂದು ನೋಡಿದರೆ ಚಾದರ ಖಾಲಿ. ಅಂಬಣ್ಣ ಬರಿ ಕಟ್ಟಿಗೆಯನ್ನು ಹೊರೆ ಕಟ್ಟಿ, ಅದರ ಮೇಲೆ ಕೂತಿದ್ದ.

"ಕಾಳು ಎಲ್ಲೋ?"

"ಚಾದರ ಹಾಸಿದೆ, ಬಡದೆ, ಕೆಳಗ ಬಿದ್ದದ್ದೆಲ್ಲಾ ಬದು ಆಚಿ ಚೆಲ್ಲಿದೆ. ಒಂದ್ ಕಾಳೂ ಉಳಿಸಿಲ್ಲ ನೋಡವ್ವಾ!"

ಆಚೆ ಎರಡೂ ಹೊಲದ ಕಾಳು ಒಂದೇ ರಾಶಿಯಾಗಿ ಕಲೆತು ಬಿದ್ದಿತ್ತು. ರಾಶಿಯ ಹಿಂದಿನಿಂದ ಜಗದೇವಿ ಕೂಗಿದಳು: "ಅಕ್ಕಾ, ನಿನ್ನ ಹತ್ರ ಖಾಲಿ ಚೀಲ ಅವ ಏನ? ನಮ್ಮವು ಸಾಲಂಗಿಲ್ಲ!"

ಶಾಣಮ್ಮ ಬಾಯಿ ತೆರೆಯುವ ಮೊದಲೇ ಅಂಬಣ್ಣ ಅವಳ ಕೈಯಲ್ಲಿದ್ದ ಚೀಲಗಳನ್ನು ಕಿತ್ತು ಬದು ಆಚೆ ಎಸೆದ.

"ತಗೋ ಕಾಕಿ! ನಮ್ಮ ಕಡಿ ಒಂದೂ ಉಳೀಬಾರದು ಅಂತ ಅವ್ವನೇ ಹೇಳ್ಯಾಳ!"