ಸೀಸದ ಬಿರಡೆ

"ಬುದ್ಧಿ, ನಾನು ಪ್ರವಚನಕ್ಕೆ ಕೂತಾಗಲೆಲ್ಲ ಆ ರೇವಣಯ್ಯ ಎದ್ದು ನಿಂತು ತಪ್ಪು ಹಿಡೀತಾನೆ. ನಾಲ್ಕು ಜನರ ಮುಂದೆ ನನ್ನ ಮಾನ ಕಳೀತಿದಾನೆ. ಅವನನ್ನ ಬೇರೆ ಮಠಕ್ಕೆ ಕಳಿಸಿಬಿಡಬಾರದಾ?" ಎಂದು ಶಿಷ್ಯ ಮುರುಗಯ್ಯ ಕೇಳಿದ.

ಗುರುಗಳು ನಕ್ಕರು. "ಕಳಿಸೋಣ. ಅವಸರ ಏನು? ಮೊದಲು ಈ ಕತೆ ಕೇಳು" ಎಂದು ಹೇಳತೊಡಗಿದರು.

ಘಟ್ಟದ ರೈಲುದಾರಿಯಲ್ಲಿ ಒಂದು ಉಗಿ ಎಂಜಿನ್ ಇತ್ತು. ಕಡಲೆಕಾಯಿ ಮೂಟೆ, ಮದುವೆ ದಿಬ್ಬಣ, ಸಂತೆಯ ದನ, ಎಲ್ಲವನ್ನೂ ವರ್ಷಗಟ್ಟಲೆ ಎಳೆದ ಎಂಜಿನ್. ಆಗೆಲ್ಲ ಒಂದು ಎಂಜಿನ್‌ಗೆ ಒಬ್ಬನೇ ಡ್ರೈವರ್. ಅದು ದಾರಿಯಲ್ಲಿ ನಿಂತರೆ ಕೆಟ್ಟ ಹೆಸರು ಅವನಿಗೇ.

ಎಂಜಿನ್ನಿನ ಬೆಂಕಿಗೂಡಿನ ಚಾವಣಿಯ ಮೇಲೆ ಸದಾ ನೀರು ನಿಂತಿರಬೇಕು, ಇಲ್ಲದಿದ್ದರೆ ಅದು ಕಾದು ಕುಸಿಯುತ್ತದೆ. ಆ ಚಾವಣಿಗೆ ಒಂದು ತೂತು, ತೂತಿಗೆ ಸೀಸದ ಬಿರಡೆ. ನೀರು ತೀರಾ ಇಳಿದರೆ ಸೀಸ ಕರಗುತ್ತದೆ. ಉಗಿ ಭುಸ್ಸೆಂದು ಬೆಂಕಿಯ ಮೇಲೆ ನುಗ್ಗುತ್ತದೆ. ಬೆಂಕಿ ಅಡಗಿ ಗಾಡಿ ನಿಲ್ಲುತ್ತದೆ. ಹಾಗೆ ನಿಲ್ಲಿಸಿಕೊಂಡವನನ್ನು ಉಳಿದ ಡ್ರೈವರುಗಳು 'ಸೀಸ ಕರಗಿಸಿದವನು' ಎಂದು ಆಡಿಕೊಳ್ಳುತ್ತಿದ್ದರು.

ಈ ಡ್ರೈವರಿಗೂ ಒಮ್ಮೆ ಹಾಗಾಯಿತು. ಗಾಡಿಯ ಜನರೆಲ್ಲ ಇಳಿದು ನಿಂತು ನಕ್ಕರು. ಅವನಿಗೆ ಅನ್ನ ಸೇರಲಿಲ್ಲ. ನೀರು ಬಿಡಲು ಮರೆತವನು ತಾನು, ಹಲ್ಲು ಕಡಿದದ್ದು ಮಾತ್ರ ಬಿರಡೆಯ ಮೇಲೆ. ಫಿಟ್ಟರನನ್ನು ಪುಸಲಾಯಿಸಿ, ಸೀಸದ ಜಾಗಕ್ಕೆ ಕಬ್ಬಿಣದ ಬಿರಡೆ ಹಾಕಿಸಿಕೊಂಡ. ಆಮೇಲೆ ಎಂಜಿನ್ ಎಲ್ಲೂ ನಿಲ್ಲಲಿಲ್ಲ. ಮತ್ತೆ ಮೀಸೆ ತಿರುವಿಕೊಂಡು ಓಡಾಡಿದ.

ಒಂದು ದಿನ ಗಾಡಿ ಏರು ಹತ್ತುತ್ತಿತ್ತು. ಏರಿನಲ್ಲಿ ನೀರು ಹಿಂದಕ್ಕೆ, ಬೆಂಕಿಗೂಡಿನ ಕಡೆಗೆ ಸರಿಯುತ್ತದೆ. ನೀರಿನ ಮಟ್ಟ ತೋರಿಸುವ ಅಳತೆಯ ಗಾಜಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಘಟ್ಟದ ನೆತ್ತಿ ದಾಟಿ ಇಳಿಜಾರಿಗೆ ತಿರುಗಿದ್ದೇ ತಡ, ನೀರು ಮುಂದಕ್ಕೆ ಓಡಿತು. ಗಾಜು ಬರಿದಾಯಿತು.

ಕಲ್ಲಿದ್ದಲು ಹಾಕುವ ಫೈರ್‌ಮನ್ ಕೂಗಿಕೊಂಡ. "ಅಣ್ಣಾ, ಗಾಜಲ್ಲಿ ನೀರೇ ಇಲ್ಲ. ನಿಲ್ಸಣ್ಣಾ, ಬೆಂಕಿ ಎಳೆದು ಹಾಕ್ತೀನಿ."

"ಸುಮ್ನಿರೋ. ಸ್ಟೇಷನ್ ಕಾಣಿಸ್ತಿದೆ. ಇನ್ನೂ ಭುಸ್ ಅಂದಿಲ್ವಲ್ಲ" ಎಂದ ಡ್ರೈವರ್.

ಅಂದ ಮೇಲೆ ಅವನಿಗೆ ನೆನಪಾಯಿತು. ಆ ಸದ್ದು ಇನ್ನು ಬರುವುದೇ ಇಲ್ಲ. ಚಾವಣಿ ಎಷ್ಟು ಕಾದಿದೆಯೋ ತಿಳಿಯುವ ದಾರಿಯಿಲ್ಲ. ಯಾವ ಸದ್ದಿಗೆ ನಾಚಿ ಸತ್ತಿದ್ದನೋ, ಅದೊಂದು ಕೇಳಿಸಲಪ್ಪಾ ಎಂದು ಕಿವಿಗೊಟ್ಟು ನಿಂತ. ಕೊನೆಗೆ ಬ್ರೇಕಿಗೆ ಕೈ ಹಾಕಿದ. ಅಷ್ಟರಲ್ಲಿ ಚಾವಣಿ ಕುಸಿದು, ಉಗಿಯೆಲ್ಲ ಒಮ್ಮೆಗೇ ಸಿಡಿಯಿತು.

ಫೈರ್‌ಮನ್ ಸತ್ತ. ಡ್ರೈವರ್ ಬದುಕಿದ. ಬದುಕಿದ್ದೇ ಅವನಿಗೆ ಶಿಕ್ಷೆಯಾಯಿತು.

ಮುರುಗಯ್ಯನಿಗೆ ಸಿಟ್ಟು ತಡೆಯಲಾಗಲಿಲ್ಲ. "ಬುದ್ಧಿ, ಎಂಥ ಮೂರ್ಖ ಅವನು! ಸಮಯಕ್ಕೆ ಸರಿಯಾಗಿ ಅವನನ್ನ ನಿಲ್ಲಿಸೋ ಅಂಥದ್ದು ಏನೂ ಇರಲಿಲ್ವಾ?"

"ಇತ್ತಲ್ಲ ಮರಿ, ಮಾನ ಹೋಯ್ತು ಅಂತ ಅವನು ಕಿತ್ತು ಹಾಕಿಸಿದ್ದು ಅದನ್ನೇ ಅಲ್ವಾ?" ಎಂದರು ಗುರುಗಳು.